ಒಂದು ಕಟ್ಟಿನೊಳಗೆ ಇಬ್ಬರು ಅಜ್ಜಂದಿರು: ಬೈಲಹೊಂಗಲ ಸೀಮೆಯ ಒಂದು ಸೈನಿಕ ಫೋಟೋದ ಪ್ರಕರಣ

ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಹಳೆಯ ಮನೆಯ ಪಡಸಾಲೆ. ದೇವರ ಜಗುಲಿಗೆ ಎದುರಾಗಿ ಗೋಡೆಯ ಮೇಲೆ ದೊಡ್ಡದೊಂದು ಫೋಟೋ. ಕೈಯಿಂದ ಬಣ್ಣ ಹಚ್ಚಿದ್ದು. ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಎದೆಮಟ್ಟದವರೆಗೆ ಕಾಣುವ ಹರೆಯದ ಸೈನಿಕ. ಖಾಕಿ ಅಂಗಿ, ಎದೆಯ ಮೇಲೆ ಒಂದು ಬೆಳ್ಳಿ ಬಿಲ್ಲೆ. ಕಟ್ಟಿನ ಕೆಳಗೆ ಒಂದು ಮೊಳೆ. ಅದೇ ಬಿಲ್ಲೆ ಕೆಂಪು ದಾರದಲ್ಲಿ ಅಲ್ಲಿ ತೂಗುತ್ತಿತ್ತು. ಮನೆಯವರೆಲ್ಲ ಇವರನ್ನು ‘ಮಿಲ್ಟ್ರಿ ಅಜ್ಜ’ ಅನ್ನುತ್ತಾರೆ.

ಊರಿನ ಶಾಲೆಯಲ್ಲಿ ಒಂದು ಕಲ್ಲು ಹಾಕಿಸಬೇಕು ಅಂತ ಮನೆಯವರು ತೀರ್ಮಾನಿಸಿದ್ದರು. ಬರೆಸುವ ಸಾಲೂ ಸಿದ್ಧವಿತ್ತು. ಮೊದಲ ಮಹಾಯುದ್ಧದಲ್ಲಿ ಕುತ್ ಮುತ್ತಿಗೆಯನ್ನು ಎದುರಿಸಿದವರು, ಕೆಳಗೆ ಅಜ್ಜನ ಹೆಸರು, ಪಕ್ಕದಲ್ಲಿ ಈ ಫೋಟೋ. ಪಲ್ಟನ್ನಿನ (ಬೆಟಾಲಿಯನ್ನಿನ) ಹೆಸರನ್ನು ಸರಿಯಾಗಿ ಬರೆಯುವುದು ಹೇಗೆ ಅಂತ ಕೇಳಲು ಮೊಮ್ಮಗ ನನಗೆ ಫೋನ್ ಮಾಡಿದ್ದರು. ಹಳೆಯ ಸೈನಿಕ ಫೋಟೋಗಳನ್ನು ನೋಡಿ ಅವು ಯಾವ ಕಾಲದವು, ಯಾವ ಪಲ್ಟನ್ನಿನವು ಅಂತ ಹುಡುಕುವುದು ನನಗೆ ಬಹಳ ವರ್ಷದ ಹವ್ಯಾಸ. ಬೆಳಗಾವಿಯಲ್ಲಿ ಇಂಥ ಫೋಟೋಗಳಿಗೆ ಬರ ಇಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಇಲ್ಲೇ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಮೂರು ನಾಲ್ಕು ತಲೆಮಾರು ಫೌಜಿನಲ್ಲಿದ್ದ ಮನೆಗಳು ಬೇಕಾದಷ್ಟು ಸಿಗುತ್ತವೆ.

ನಾನು ಹೋದ ದಿನ ಕಥೆ ಹೇಳಿದವರು ಮನೆಯ ಹಿರಿಯ ಸೊಸೆ. ಎಪ್ಪತ್ತೈದರ ಆಚೆಈಚೆ ವಯಸ್ಸು. ಫೋಟೋದಲ್ಲಿರುವವರು ಅವರ ಮಾವ. ಆದರೆ ಮದುವೆಯಾಗಿ ಬರುವ ಹೊತ್ತಿಗೆ ಮಾವ ತೀರಿಕೊಂಡು ಹತ್ತಾರು ವರ್ಷವಾಗಿತ್ತು. ಅವರಿಗೆ ಗೊತ್ತಿದ್ದದ್ದೆಲ್ಲ ಅತ್ತೆ ಹೇಳಿದ್ದು. “ಅನ್ನ ಚೆಲ್ಲಿದ್ರ ನಮ್ಮತ್ತಿ ಬೈತಿದ್ಲು. ಕುತ್ಲಮಾರಾದಾಗ ಒಂದ್ ತುತ್ತಿಗೆ ಏನ್ ಪಾಡ್ ಪಟ್ಟಾರ ನಿಮಗೇನ್ ಗೊತ್ತು ಅಂತಿದ್ಲು.” ಮುಂದೆ ಇನ್ನೊಂದು ಮಾತೂ ಹೇಳಿದರು. “ಬರ್ಫದಾಗ ನಿಂತು ಕಾಲು ಸೆಟಗೊಂಡಿದ್ದೂ ಹೇಳತಿದ್ಲು.”

ಕುತ್ಲಮಾರಾ! ಆ ಶಬ್ದ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಬಾಗ್ದಾದಿನಿಂದ ಸುಮಾರು 160 ಕಿಲೋಮೀಟರ್ ಕೆಳಗೆ, ಟೈಗ್ರಿಸ್ ನದಿಯ ತಿರುವಿನಲ್ಲಿರುವ ಊರಿನ ಪೂರ್ತಿ ಹೆಸರು ಕುತ್ ಅಲ್ ಅಮಾರಾ. ಓದು ಬರಹ ಬಾರದ ಹೆಣ್ಣುಮಗಳ ಬಾಯಿಗೆ ಆ ಹೆಸರು ಪುಸ್ತಕದಿಂದ ಬಂದಿರಲಿಕ್ಕಿಲ್ಲ. ಅಲ್ಲಿ ಇದ್ದು ಬಂದವರೊಬ್ಬರು ಈ ಮನೆಯಲ್ಲಿ ಕೂತು ಆ ಮಾತು ಆಡಿರಲೇಬೇಕು.

ಅಲ್ಲಿ ನಡೆದದ್ದೇನು ಅನ್ನುವುದನ್ನು ಸ್ವಲ್ಪ ಹೇಳಬೇಕು. 1914ರ ನವೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಭಾರತದಿಂದ 6ನೇ ಡಿವಿಜನ್ ಅನ್ನು ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಕಳಿಸಿತು. ಫಾವ್ ದಡದಲ್ಲಿ ಮೊದಲು ಇಳಿದ ಬ್ರಿಗೇಡಿನಲ್ಲಿ 117ನೇ ಮರಾಠಾ ಪಲ್ಟನ್ ಇತ್ತು. ಅದೇ ಡಿವಿಜನ್ನಿನಲ್ಲಿ 103 ಮತ್ತು 110ನೇ ಮರಾಠಾ ಪಲ್ಟನ್ನುಗಳೂ ಇದ್ದವು. ಒಂದು ವರ್ಷ ಮುಂದೆ ಮುಂದೆ ಹೋದ ಸೈನ್ಯ, 1915ರ ನವೆಂಬರಿನಲ್ಲಿ ಬಾಗ್ದಾದಿನ ಹತ್ತಿರ ಟೆಸಿಫನ್‌ನಲ್ಲಿ ತಡೆದು ನಿಂತಿತು. ಅಲ್ಲಿಂದ ಹಿಂದೆ ಸರಿದು ಕುತ್ ಸೇರಿತು. ಡಿಸೆಂಬರ್ 7ರಂದು ಟರ್ಕಿಯ ಸೈನ್ಯ ಊರನ್ನು ಸುತ್ತುವರಿಯಿತು. ಬಿಡಿಸಲು ಬಂದ ಸೈನ್ಯಗಳಿಗೆ ಒಳಗೆ ಬರಲು ಆಗಲಿಲ್ಲ. ರೇಷನ್ ಕಡಿಮೆಯಾಗುತ್ತಾ ಹೋಯಿತು. ಕುದುರೆಗಳನ್ನು ಕೊಂದು ಮಾಂಸ ಹಂಚಿದರು. ನಮ್ಮ ಸಿಪಾಯಿಗಳಲ್ಲಿ ಬಹಳ ಮಂದಿ ಅದನ್ನು ಮುಟ್ಟಲಿಲ್ಲ. ಊರಿಗೆ ಹೋದರೆ ಜಾತಿಯವರು ಏನಂತಾರೋ ಅನ್ನುವ ಭಯ. ಭಾರತದ ಧರ್ಮಗುರುಗಳಿಂದ ತಿನ್ನಬಹುದು ಅಂತ ಒಪ್ಪಿಗೆ ತರಿಸಿದರೂ ಅನೇಕರು ಕೊನೆಯ ವಾರಗಳವರೆಗೆ ತಿನ್ನದೆ ಉಳಿದರು. ತರಕಾರಿ ಇಲ್ಲದೆ ವಸಡಿನಲ್ಲಿ ರಕ್ತ ಬರುವ ಕಾಯಿಲೆ ಹತ್ತಿತು. 1916ರ ಏಪ್ರಿಲ್ 29ರಂದು ಆ ಸೈನ್ಯದ ಮುಖ್ಯಸ್ಥ ಜನರಲ್ ಟೌನ್‌ಶೆಂಡ್ ಶರಣಾದರು. ಸುಮಾರು 13,000 ಜನ ಕೈದಿಗಳಾದರು. ಬಿಸಿಲಲ್ಲಿ ನಡೆಸಿಕೊಂಡು ಹೋದ ಆ ದಾರಿಯಲ್ಲಿ ಸತ್ತವರು ಬಹಳ ಮಂದಿ. ಉಳಿದವರನ್ನು ರೈಲು ಹಾದಿ ಹಾಕುವ ಕೆಲಸಕ್ಕೆ ಹಚ್ಚಿದರು.

ಆದ್ದರಿಂದ ಕಥೆ ಗಟ್ಟಿಯಾಗಿತ್ತು. ಅನುಮಾನ ಇದ್ದದ್ದು ಫೋಟೋದ ಮೇಲೆ.

ಬಿಲ್ಲೆಯನ್ನು ಮೊದಲು ಕೈಗೆ ತೆಗೆದುಕೊಂಡೆ. 36 ಮಿಲಿಮೀಟರ್ ಅಗಲದ ಬೆಳ್ಳಿ. ಒಂದು ಬದಿ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಬದಿ ಕುದುರೆ ಏರಿದ ಒಬ್ಬ ಪುರುಷ, ಜೊತೆಗೆ 1914 ಮತ್ತು 1918 ಅನ್ನುವ ಇಸವಿಗಳು. ಇದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಕುದುರೆಯ ಮೇಲಿರುವುದು ಸೇಂಟ್ ಜಾರ್ಜ್. ಆದರೆ ಈ ಮನೆಯಲ್ಲಿ ಮೂರು ತಲೆಮಾರಿನ ಹೆಣ್ಣುಮಕ್ಕಳು ಅದು ಶಿವಾಜಿ ಮಹಾರಾಜರು ಅಂತಲೇ ನಂಬಿ ಪ್ರತಿ ದಸರೆಗೆ ಕುಂಕುಮ ಹಚ್ಚಿದ್ದಾರೆ. ಆ ಕುಂಕುಮವೇ ನನಗೆ ದಾರಿ ತೋರಿಸಿತು. ಈ ಮೆಡಲ್‌ಗಳ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು, ಪಲ್ಟನ್ನು ಒತ್ತಿರುತ್ತಾರೆ. ಬೆಳ್ಳಿ ಸವೆದರೆ ಓದುವುದು ಕಷ್ಟ. ಇಲ್ಲಿ ನೂರು ವರ್ಷದ ಕುಂಕುಮ, ಎಣ್ಣೆ ಸೇರಿ ಅಕ್ಷರದ ಗುಂಡಿಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಬೆಳ್ಳಿಯ ಅಂಚಿನಲ್ಲಿ ಕೆಂಪು ಅಕ್ಷರ ಒಂದೊಂದಾಗಿ ಬಂದವು. ನಂಬರು. ಸಿಪಾಯಿ. ಒಂದು ಹೆಸರು. 117 ಮರಾಠಾ.

ಆ ಹೆಸರು ಮಿಲ್ಟ್ರಿ ಅಜ್ಜನದಲ್ಲ.

“ಅದು ನಮಗ ಗೊತ್ತೈತ್ರಿ, ಸಾಹೇಬ್ರು ತಪ್ಪು ಬರ್ಸ್ಯಾರ” ಅಂದರು ಮೊಮ್ಮಗ. ಸೈನ್ಯದ ಗುಮಾಸ್ತರು ನಮ್ಮ ಹೆಸರುಗಳನ್ನು ಹೇಗೆಂದರೆ ಹಾಗೆ ಬರೆದದ್ದು ನಿಜ. ಆದರೆ ಕಾಗುಣಿತ ಕೆಡುವುದು ಬೇರೆ, ಹೆಸರೇ ಬೇರೆ ಆಗುವುದು ಬೇರೆ. ಇಲ್ಲಿ ಒಂದು ಅಕ್ಷರವೂ ಹೊಂದುತ್ತಿರಲಿಲ್ಲ.

ನಾನು ಆ ದಿನ ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ದೊಡ್ಡ ಫೋಟೋದಲ್ಲಿ ಎದೆಯ ಮೇಲೆ ಅದೇ ಬಿಲ್ಲೆ ಕಾಣುತ್ತಿತ್ತು. ಹಾಗಾದರೆ ಮೆಡಲ್ ಹಂಚಿದ ಮೇಲೆ, ಅಂದರೆ 1920ರ ನಂತರ ತೆಗೆಸಿದ ಫೋಟೋ ಇರಬೇಕು ಅಂತ ಹೇಳಿಬಿಟ್ಟೆ. ಮನೆಗೆ ಬಂದು ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಎರಡು ವಿಷಯ ಚುಚ್ಚಿದವು. ಚಿತ್ರದಲ್ಲಿ ಬಿಲ್ಲೆಯ ಪಟ್ಟಿ ಪೂರ್ತಿ ಕೆಂಪು. ಈ ಮೆಡಲಿನ ಪಟ್ಟಿ ಕೆಂಪಲ್ಲ. ನಡುವೆ ಕಿತ್ತಳೆ, ಎರಡೂ ಕಡೆ ಬಿಳಿ, ಕಪ್ಪು, ನೀಲಿ ಗೆರೆ. ಇನ್ನೊಂದು, ಮುಖದ ಮೇಲೆ ಬೆಳಕು ಎಡದಿಂದ ಬಿದ್ದಿದೆ, ಬಿಲ್ಲೆಯ ಮೇಲೆ ಬಲದಿಂದ. ಕ್ಯಾಮೆರಾ ಹೀಗೆ ಮಾಡುವುದಿಲ್ಲ. ಮಾಡುವುದು ಕುಂಚ.

ನಮ್ಮ ಕಡೆ ಇದು ಸಾಮಾನ್ಯ ಪದ್ಧತಿ. ಸಣ್ಣ ಫೋಟೋವನ್ನು ಸ್ಟುಡಿಯೋಗೆ ಕೊಡುವುದು, ಅವರು ದೊಡ್ಡದು ಮಾಡಿ, ಮಸುಕಾದ ಕಡೆ ತಿದ್ದಿ, ಬಣ್ಣ ಹಚ್ಚುವುದು. ತೀರಿಕೊಂಡವರಿಗೆ ರುಮಾಲು ಬರೆಸಿದವರಿದ್ದಾರೆ. ಕೊರಳಿಗೆ ಸರ ಬರೆಸಿದವರೂ ಇದ್ದಾರೆ. ಪ್ರೀತಿಯಿಂದ ಮಾಡಿಸಿದ್ದು, ಮೋಸಕ್ಕಲ್ಲ. ಹಿರಿಯ ಸೊಸೆಯನ್ನು ಕೇಳಿದೆ. ಹೌದು, ಮದುವೆಯಾದ ಹೊಸತರಲ್ಲಿ ಗಂಡ ಬೆಳಗಾವಿಗೆ ಹೋಗಿ ಮಾಡಿಸಿಕೊಂಡು ಬಂದದ್ದು ನೆನಪಿತ್ತು. ಬಿಲ್ಲೆಯನ್ನೂ ಜೊತೆಗೆ ಒಯ್ದಿದ್ದರಂತೆ. ತೂಗುವ ಕೆಂಪು ದಾರವನ್ನು ನೋಡಿ ಚಿತ್ರಗಾರ ಕೆಂಪು ಪಟ್ಟಿ ಬರೆದ.

ಮೂಲ ಫೋಟೋ ಎಲ್ಲಿ? ಯಾರಿಗೂ ಗೊತ್ತಿರಲಿಲ್ಲ. ಕಟ್ಟಿನ ಹಿಂದಿನ ರಟ್ಟಿಗೆ ಗೆದ್ದಲು ಹಿಡಿದಿತ್ತು. ಹೇಗೂ ತೆಗೆಯಲೇಬೇಕು ಅಂತ ಎರಡನೇ ಸಲ ಹೋದಾಗ ಮೊಳೆ ಬಿಚ್ಚಿದೆವು. ರಟ್ಟು ಎತ್ತಿದರೆ ಒಳಗೆ ಹಳೆಯ ಸುದ್ದಿಪತ್ರಿಕೆಯ ಹಾಳೆ. ಅದರೊಳಗೆ, ಅಂಗೈಯಷ್ಟು ಅಗಲದ ಪೋಸ್ಟ್‌ಕಾರ್ಡ್ ಫೋಟೋ. ಸ್ಟುಡಿಯೋದವರು ಮೂಲವನ್ನು ಕಳೆಯದೆ ಹಿಂದೆಯೇ ಇಟ್ಟು ಕಟ್ಟು ಹಾಕಿದ್ದರು. ಐವತ್ತು ವರ್ಷ ಅದು ಕತ್ತಲಲ್ಲಿತ್ತು, ಅದಕ್ಕೇ ಚೆನ್ನಾಗಿ ಉಳಿದಿತ್ತು. ಅಂಚುಗಳಲ್ಲಿ ಮಾತ್ರ ಬೆಳ್ಳಿ ಮೇಲೆದ್ದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಪೂರ್ತಿ ನಿಂತ ಫೋಟೋ. ಪಕ್ಕದಲ್ಲಿ ಕೆತ್ತನೆಯ ಕಂಬ, ಹಿಂದೆ ಬರೆದ ಪರದೆ. ಎದೆ ಬರಿದು. ಬಿಲ್ಲೆ ಇಲ್ಲ, ಬಿಲ್ಲೆಯ ಬದಲು ಹಚ್ಚುವ ಬಣ್ಣದ ಪಟ್ಟಿಯೂ ಇಲ್ಲ. ಮೊದಲ ಯುದ್ಧ ಮುಗಿಸಿ ಮೆಡಲ್ ಪಡೆದವನು ಸಮವಸ್ತ್ರದಲ್ಲಿ ಸ್ಟುಡಿಯೋಗೆ ಹೋಗಿ ಆ ಪಟ್ಟಿ ಬಿಟ್ಟು ನಿಲ್ಲುತ್ತಾನಾ? ನಿಲ್ಲುವುದಿಲ್ಲ.

ಅಂಗಿ ಇನ್ನೂ ಸ್ಪಷ್ಟ ಉತ್ತರ ಕೊಟ್ಟಿತು. ಮೊಟ್ಟೆಯಾಕಾರದ ಚೌಕಟ್ಟು ಮುಚ್ಚಿಟ್ಟಿದ್ದು ಇದನ್ನೇ. ಅದು ಸೊಂಟಕ್ಕೇ ಮುಗಿಯುವ, ಕೆಳಗೆ ಪಟ್ಟಿ ಇರುವ, ದಪ್ಪ ಉಣ್ಣೆಯ ಗಿಡ್ಡ ಅಂಗಿ. ಬ್ಯಾಟಲ್‌ಡ್ರೆಸ್. ಬ್ರಿಟಿಷ್ ಸೈನ್ಯಕ್ಕೆ ಅದು ಬಂದದ್ದು 1930ರ ದಶಕದ ಕೊನೆಗೆ. ಮೊದಲ ಯುದ್ಧದ ಸಿಪಾಯಿಯ ಖಾಕಿ ಅಂಗಿ ಸೊಂಟದ ಕೆಳಗೆ ಉದ್ದಕ್ಕೆ ಇಳಿಯುತ್ತಿತ್ತು. ತೋಳಿನ ಮೇಲೆ ಎರಡು ಪಟ್ಟಿ, ಅಂದರೆ ಸಿಪಾಯಿಗಿಂತ ಮೇಲಿನ ಹುದ್ದೆಯಾದ ನಾಯಕ್. ಬಿಲ್ಲೆಯ ಮೇಲಿದ್ದದ್ದು ಸಿಪಾಯಿ ಅಂತ.

ಭುಜದ ಕೆಳಗೆ ಒಂದು ಕಪ್ಪು ಚೌಕ, ಅದರೊಳಗೆ ಮೂರು ತಿಳಿ ಬಣ್ಣದ ಎಲೆಯ ಗುರುತು. ಮನೆಯವರು ಭೂತಗನ್ನಡಿಯಲ್ಲಿ ನೋಡಿ “ಬಿಲ್ಪತ್ರಿ” ಅಂದರು. ಹಾಗೆ ಅನಿಸುವುದು ಸಹಜ. ಆದರೆ ಹಳೆಯ ಫಿಲ್ಮುಗಳಲ್ಲಿ ಬಹಳಷ್ಟಕ್ಕೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ಇದ್ದದ್ದು ಕಪ್ಪಾಗಿ ಬೀಳುತ್ತಿತ್ತು, ನೀಲಿ ಇದ್ದದ್ದು ಬೆಳ್ಳಗೆ. ಕಪ್ಪು ಬಿಳುಪು ಫೋಟೋದಲ್ಲಿ ಪಟ್ಟಿಗಳ ಬಣ್ಣ ಊಹಿಸುವವರು ಇದನ್ನು ಮರೆತರೆ ತಪ್ಪು ಖಂಡಿತ. ಈ ಕಪ್ಪು ಚೌಕವನ್ನು ಕೆಂಪು ಅಂತ ಓದಿದರೆ, ಕೆಂಪಿನ ಮೇಲೆ ಮೂರು ಕ್ಲೋವರ್ ಎಲೆ. ಅದು ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿದ 8ನೇ ಭಾರತೀಯ ಡಿವಿಜನ್ನಿನ ಗುರುತು.

ಕಾರ್ಡನ್ನು ತಿರುಗಿಸಿದೆ. ಹಿಂಬದಿಯಲ್ಲಿ ಅಚ್ಚಾದ ಎರಡು ಪದ: ಕಾರ್ತೊಲಿನಾ ಪೊಸ್ತಾಲೆ. ಇಟಾಲಿಯನ್ ಭಾಷೆಯಲ್ಲಿ ಪೋಸ್ಟ್‌ಕಾರ್ಡ್. ಮೂಲೆಯಲ್ಲಿ ತೀರಾ ಮಸುಕಾಗಿ ಫೆರಾನಿಯಾ ಅಂತ ಹೆಸರು. ಅದು ಫಿಲ್ಮು ಮತ್ತು ಫೋಟೋ ಕಾಗದ ತಯಾರಿಸುತ್ತಿದ್ದ ಇಟಲಿಯ ಕಂಪನಿ. ಕೆಳಗೆ ಪೆನ್ಸಿಲಿನಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಒಂದು ಸಾಲು. ಬೆಳಗಾವಿಯ ಶಹಾಪುರದಲ್ಲಿ ಮೋಡಿ ಓದುವ ಹಿರಿಯರೊಬ್ಬರಿದ್ದಾರೆ. ಅವರು ಕನ್ನಡಕ ಸರಿಮಾಡಿಕೊಂಡು ಒಂದೇ ಉಸಿರಿಗೆ ಓದಿದರು: “ಮೀ ಸುಖರೂಪ ಆಹೇ. ಕಾಳಜೀ ಕರೂ ನಯೇ.” ನಾನು ಸುಖವಾಗಿದ್ದೇನೆ, ಚಿಂತೆ ಮಾಡಬೇಡಿ. ಊರಿನ ಹೆಸರಿಲ್ಲ, ತಾರೀಕಿಲ್ಲ. ಯುದ್ಧಭೂಮಿಯಿಂದ ಬರುವ ಪತ್ರಗಳನ್ನು ಸೆನ್ಸಾರ್ ಓದುತ್ತಿತ್ತು. ಎಲ್ಲಿದ್ದೇನೆ ಅಂತ ಬರೆಯುವ ಹಾಗಿರಲಿಲ್ಲ.

ಇಷ್ಟಾದ ಮೇಲೂ ಒಂದು ಅಡ್ಡಿ ಉಳಿದಿತ್ತು. ಹಿಮದ ಮಾತು. ಇಟಲಿಯ ಅಪೆನೈನ್ ಬೆಟ್ಟಗಳಲ್ಲಿ 1944-45ರ ಚಳಿಗಾಲವನ್ನು 8ನೇ ಡಿವಿಜನ್ ಕಳೆದಿದೆ, ಅಲ್ಲಿ ಬೇಕಾದಷ್ಟು ಹಿಮ. ಆದರೆ ಕುತ್‌ನ ಕೈದಿಗಳನ್ನು ಒಯ್ದ ಟರ್ಕಿಯ ಬೆಟ್ಟಗಳಲ್ಲೂ ಹಿಮ ಬೀಳುತ್ತದೆ. ಹಾಗಾಗಿ ಹಿಮದ ಮಾತು ಯಾರದು ಅಂತ ಹೇಳಲು ಬರುವುದಿಲ್ಲ, ಅದನ್ನು ನಾನು ಸಾಕ್ಷಿಯಾಗಿ ಹಿಡಿಯಲಿಲ್ಲ.

ಗಂಟು ಬಿಚ್ಚಿದ್ದು ಹೊಲದ ಕಾಗದ. ಟ್ರಂಕಿನಲ್ಲಿ ಹಳೆಯ ಉತಾರಗಳ ಕಟ್ಟು ಇತ್ತು. ಮೊಮ್ಮಗ ಒಂದೊಂದೇ ಹಾಳೆ ತೆಗೆಯುತ್ತಾ ಹೋದರು. ಒಂದರಲ್ಲಿ ಮಿಲ್ಟ್ರಿ ಅಜ್ಜನ ಹೆಸರು, ಮುಂದೆ ಅವರ ತಂದೆಯ ಹೆಸರು. ಬಿಲ್ಲೆಯ ಅಂಚಿನಲ್ಲಿ ಕೆಂಪಾಗಿ ಕೂತಿದ್ದ ಅದೇ ಹೆಸರು.

ಇಬ್ಬರು! ತಂದೆ 117ನೇ ಪಲ್ಟನ್ನಿನ ಸಿಪಾಯಿ, ಕುತ್‌ನಲ್ಲಿ ಹಸಿದವರು. ಮಗ ನಾಯಕ್, ಇಟಲಿಯಲ್ಲಿ ಹೋರಾಡಿದವರು. ಪ್ರತಿ ತಲೆಮಾರಿನ ಮಕ್ಕಳು ತಮ್ಮ ತಮ್ಮ ಅಜ್ಜನನ್ನು ಮಿಲ್ಟ್ರಿ ಅಜ್ಜ ಅಂತಲೇ ಕರೆದರು. ಅತ್ತೆ ಅನ್ನ ಚೆಲ್ಲಿದವರಿಗೆ ಹೇಳುತ್ತಿದ್ದದ್ದು ತನ್ನ ಗಂಡನ ಕಥೆಯಲ್ಲ, ತನ್ನ ಮಾವನ ಕಥೆ. ಸೊಸೆಯ ಕಿವಿಗೆ ಬರುವಾಗ ಇಬ್ಬರೂ ಒಬ್ಬರಾದರು. ಕುಂಚ ಬಿಲ್ಲೆಯನ್ನು ಮಗನ ಎದೆಗೆ ಹಚ್ಚಿದ ಮೇಲೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಪಲ್ಟನ್ನಿನ ಹೆಸರಿನ ಪ್ರಶ್ನೆಗೆ ಈಗ ಬರಬಹುದು, ಮೊಮ್ಮಗ ಫೋನ್ ಮಾಡಿದ್ದೇ ಅದಕ್ಕಲ್ವಾ. 1922ರಲ್ಲಿ ಹಳೆಯ ಮರಾಠಾ ಪಲ್ಟನ್ನುಗಳನ್ನೆಲ್ಲ ಸೇರಿಸಿ 5ನೇ ಮರಾಠಾ ಲೈಟ್ ಇನ್‌ಫಂಟ್ರಿ ಅಂತ ಒಂದೇ ರೆಜಿಮೆಂಟ್ ಮಾಡಿದರು. 103, 105, 110, 116, 117 ಇದ್ದವು ಕ್ರಮವಾಗಿ ಅದರ 1ರಿಂದ 5ನೇ ಪಲ್ಟನ್ ಆದವು. 114ನೆಯದು ತರಬೇತಿ ಪಲ್ಟನ್ ಆಯಿತು. ಹಳೆಯ ಕಾಗದಗಳಲ್ಲಿ 1/5, 3/5 ಅಂತ ಬರುವುದು ಇದೇ. ಮೊದಲ ಅಂಕಿ ಪಲ್ಟನ್, ಎರಡನೆಯದು ರೆಜಿಮೆಂಟ್. ಇದನ್ನು ತಾರೀಕು ಅಂತ ಓದಿ ಜನವರಿ, ಮಾರ್ಚ್ ಅಂತ ಲೆಕ್ಕ ಹಾಕಿದವರನ್ನು ನೋಡಿದ್ದೇನೆ. ಮೊದಲ ಮಹಾಯುದ್ಧದ ಸೇವೆಗಾಗಿ 117ಕ್ಕೆ ರಾಯಲ್ ಅನ್ನುವ ಗೌರವ ಸಿಕ್ಕಿತ್ತು. ಅದಕ್ಕೇ 5ನೇ ಪಲ್ಟನ್ನಿನ ಹೆಸರಿನಲ್ಲಿ ರಾಯಲ್ ಸೇರಿತು.

ಮಗ ಯಾವ ಪಲ್ಟನ್ನಿನವರು? ಇಲ್ಲಿ ನನಗೆ ಆಸೆ ಹುಟ್ಟಿತು, ಒಪ್ಪಿಕೊಳ್ಳುತ್ತೇನೆ. 8ನೇ ಡಿವಿಜನ್ನಿನಲ್ಲಿ ಎರಡು ಮರಾಠಾ ಪಲ್ಟನ್ನುಗಳಿದ್ದವು. ಒಂದು 1/5, ಈಗಿನ ಜಂಗಿ ಪಲ್ಟನ್. ಇನ್ನೊಂದು 5ನೇ ರಾಯಲ್, ಅದು ಡಿವಿಜನ್ನಿನ ಮಷಿನ್‌ಗನ್ ಪಲ್ಟನ್ ಆಗಿತ್ತು. ಮಗನೂ ತಂದೆಯ ಪಲ್ಟನ್ನಿಗೇ ಸೇರಿದ್ದ ಅಂತ ಬರೆದರೆ ಎಷ್ಟು ಚೆಂದ! ಆದರೆ ಫೋಟೋ ಹಾಗೆ ಹೇಳುವುದಿಲ್ಲ. ಭುಜಪಟ್ಟಿಯ ಅಕ್ಷರ ಬೆಳಕಿಗೆ ಸುಟ್ಟು ಬಿಳಿಯಾಗಿದೆ. 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೂ ಏನೂ ಕಾಣಲಿಲ್ಲ. ಆದ್ದರಿಂದ ಕಲ್ಲಿನ ಮೇಲೆ ಪಲ್ಟನ್ ನಂಬರು ಬೇಡ, ಮರಾಠಾ ಲೈಟ್ ಇನ್‌ಫಂಟ್ರಿ, 8ನೇ ಭಾರತೀಯ ಡಿವಿಜನ್, ಇಟಲಿ ಅಂತ ಇಷ್ಟೇ ಬರೆಸಿ ಅಂದೆ. ಬಿಡುಗಡೆಯ ಕಾಗದ ಸಿಕ್ಕರೆ ಸೇರಿಸಲು ಕಲ್ಲಿನಲ್ಲಿ ಜಾಗ ಬಿಡಿ ಅಂತಲೂ ಹೇಳಿದೆ.

ಆ ಡಿವಿಜನ್ ಮಾಡಿದ್ದು ಸಣ್ಣ ಕೆಲಸವಲ್ಲ. 1943ರ ಸೆಪ್ಟೆಂಬರಿನಲ್ಲಿ ಟಾರಂಟೊದಲ್ಲಿ ಇಳಿದು, ಸಾಂಗ್ರೊ ನದಿ ದಾಟಿ, 1944ರ ಮೇ ತಿಂಗಳಲ್ಲಿ ಕಸಿನೊ ಬಳಿ ಜರ್ಮನ್ನರ ಸಾಲು ಒಡೆದು, ಫ್ಲಾರೆನ್ಸ್ ಕಡೆಗೆ ಏರಿತು. ಆ ಬೇಸಿಗೆಯಲ್ಲಿ ಫ್ಲಾರೆನ್ಸ್ ಹತ್ತಿರದ ಮೊಂಟೆಗುಫೊನಿ ಅನ್ನುವ ಕೋಟೆಮನೆಯಲ್ಲಿ ಆ ಊರಿನ ಹೆಸರಾಂತ ಕಲಾಸಂಗ್ರಹಾಲಯ ಉಫಿಝಿಯ ಚಿತ್ರಗಳು ಸಿಕ್ಕವು. ಬೊಟಿಚೆಲ್ಲಿಯ ಪ್ರಿಮವೇರಾ ಅವುಗಳಲ್ಲಿ ಒಂದು. ಅವುಗಳ ಪಕ್ಕ ಪಹರೆ ನಿಂತವರು ಇದೇ ಡಿವಿಜನ್ನಿನ ಭಾರತೀಯ ಸೈನಿಕರು. 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಡದಲ್ಲಿ 1/5ರ ಸಿಪಾಯಿ ನಾಮದೇವ ಜಾಧವ್ ಗುಂಡಿನ ಮಳೆಯಲ್ಲಿ ಇಬ್ಬರು ಗಾಯಾಳುಗಳನ್ನು ಹೊತ್ತು ತಂದು, ಮತ್ತೆ ಹೋಗಿ ಶತ್ರುವಿನ ಮಷಿನ್‌ಗನ್‌ಗಳನ್ನು ಸುಮ್ಮನಾಗಿಸಿದರು. ಅವರಿಗೆ ಬ್ರಿಟಿಷ್ ಸೈನ್ಯದ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ನಮ್ಮ ನಾಯಕ್ ಅಜ್ಜ ಆ ದಿನ ಎಲ್ಲಿದ್ದರೋ ಹೇಳಲಾರೆ. ತೋಳಿನ ಮೇಲಿನ ಎಲೆಗಳಷ್ಟೇ ನಮ್ಮ ಕೈಯಲ್ಲಿವೆ.

ಮೊಮ್ಮಗ ಇನ್ನೊಂದು ಫೋಟೋ ತೋರಿಸಿದರು. ಮೊಬೈಲಿಗೆ ಬಂದದ್ದು. ಕುತ್‌ನಿಂದ ಬದುಕಿ ಬಂದ ಭಾರತೀಯ ಸೈನಿಕ, ಎಲುಬು ಎಣಿಸಬಹುದಾದಷ್ಟು ಸೊರಗಿದವನು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿರುವ ಪ್ರಸಿದ್ಧ ಚಿತ್ರ. “ಮುತ್ತಜ್ಜನ ಫೋಟೋ ಇಲ್ಲಲ್ಲ, ಇದನ್ನ ಹಾಕೋಣೇನ್ರಿ?” ಅಂತ ಕೇಳಿದರು. ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಆದರೂ ಬೇಡ ಅಂದೆ. ಆ ಹುಡುಗನಿಗೂ ಎಲ್ಲೋ ಒಂದು ಮನೆ, ಒಂದು ಹೆಸರು ಇತ್ತು. ನಮ್ಮ ಹೆಸರನ್ನು ಅವನ ಮೇಲೆ ಅಂಟಿಸಿದರೆ ನಾಳೆ ಅವನ ಮನೆಯವರು ಹುಡುಕಿಕೊಂಡು ಬಂದಾಗ ದಾರಿ ಮುಚ್ಚಿರುತ್ತದೆ.

ಮೂಲ ಫೋಟೋವನ್ನು ಎರಡೂ ಬದಿ ಸ್ಕ್ಯಾನ್ ಮಾಡಿ, ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿ, ಟ್ರಂಕಿನ ಬದಲು ಗಾಳಿಯಾಡುವ ಬೀರುವಿನಲ್ಲಿ ಇಡಿಸಿದೆ. ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಬಾರದು ಅಂತ ಕೈಮುಗಿದು ಕೇಳಿಕೊಂಡೆ. ಬಣ್ಣದ ದೊಡ್ಡ ಚಿತ್ರವನ್ನು ತೆಗೆಯಿರಿ ಅಂತ ನಾನು ಹೇಳಲಿಲ್ಲ. ತಂದೆಯ ನೆನಪಿಗೆ ಒಬ್ಬ ಮಗ ಪ್ರೀತಿಯಿಂದ ಮಾಡಿಸಿದ್ದು, ಅದಕ್ಕೂ ಈಗ ಐವತ್ತು ವರ್ಷದ ಚರಿತ್ರೆ ಇದೆ.

ಶಾಲೆಯ ಕಲ್ಲಿಗೆ ಈಗ ಎರಡು ಹೆಸರು. ಮೂರನೇ ಸಲ ಹೋದಾಗ ಪಡಸಾಲೆಯಲ್ಲೂ ಎರಡು ಕಟ್ಟುಗಳಿದ್ದವು. ಹಳೆಯದರ ಪಕ್ಕ ಹೊಸದು, ಗಾಜಿನೊಳಗೆ ಬರೀ ಬಿಲ್ಲೆ, ಕೆಳಗೆ ಕನ್ನಡದಲ್ಲಿ ಮುತ್ತಜ್ಜನ ಹೆಸರು. ಕುಂಕುಮ ಹಚ್ಚಲು ಬರಲಿ ಅಂತ ಗಾಜನ್ನು ಮೇಲಿನಿಂದ ತೆಗೆಯುವ ಹಾಗೆ ಮಾಡಿಸಿದ್ದರು. ಹಿರಿಯ ಸೊಸೆ ಸಣ್ಣ ಫೋಟೋದ ಪ್ರತಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ನಮ್ಮ ಮಾವ ಇಷ್ಟ್ ಸಣ್ಣಾಂವ ಇದ್ದನೇನ್ರಿ” ಅಂದರು. ಆಮೇಲೆ ಅದನ್ನು ತಿರುಗಿಸಿ, ಪೆನ್ಸಿಲಿನ ಆ ಸಾಲನ್ನು ಇನ್ನೊಮ್ಮೆ ಓದಿ ಹೇಳಿ ಅಂತ ಕೇಳಿದರು.